ಪೌರತ್ವವನ್ನು ಕಸಿಯುವ ಅಧಿಕಾರ

ತನ್ನ ಪ್ರಜೆಯೊಬ್ಬನು ಭಯೋತ್ಪಾದಕರ ಪಂಗಡವನ್ನು ಸೇರಿದನೆಂದು ಕಂಡುಬಂದಾಗ ಅವನ ಪೌರತ್ವವನ್ನೇ ರದ್ದುಗೊಳಿಸುವ ಅಧಿಕಾರವು ಸರಕಾರಕ್ಕೆ ಇರಬೇಕೆ, ಇರಬಾರದೆ? ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯ ಮೊದಲಾದ ದೇಶಗಳ ಪಾರ್ಲಿಮೆಂಟುಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಹಲವು ವರ್ಷಗಳಿಂದ ಚರ್ಚೆಗೆ ಒಳಗಾಗಿರುವ ಈ ಪ್ರಶ್ನೆಯು ಮೇಲುನೋಟಕ್ಕೆ ನಮ್ಮಿಂದ ಬಹು ದೂರದ್ದೆಂದು ತೋರಬಹುದು. ಹೋಟೆಲಿನ ಒಲೆಯ ಮುಂದೆ ನಿಂತವರಿಗೂ ಕಚೇರಿಯ ಕಡತಗಳ ನಡುವೆ ದಿನ ಕಳೆಯುವವರಿಗೂ ಲಂಡನ್ನಿನ ಮೊಕದ್ದಮೆಯಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಆದರೆ ಹುಟ್ಟಿದ ಊರನ್ನು ಬಿಟ್ಟು ಬೇರೆ ಸೀಮೆಯಲ್ಲಿ ಅನ್ನ ಸಂಪಾದಿಸುವವರಿಗೆ ಪೌರತ್ವಕ್ಕಿಂತ ದೊಡ್ಡ ಆಧಾರವಿಲ್ಲ. ಅದು ಎಲ್ಲಿಯೇ ಸಡಿಲಗೊಂಡರೂ ಅದರ ಅರ್ಥವನ್ನು ತಿಳಿದುಕೊಳ್ಳುವುದು ನಮ್ಮೆಲ್ಲರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಬ್ರಿಟನ್ನಿನಲ್ಲಿ ಈ ವಿವಾದವು ಮುಖ್ಯವಾಗಿ ಒಬ್ಬ ತರುಣಿಯ ಸುತ್ತ ಬೆಳೆಯಿತು. ಶಮೀಮಾ ಬೇಗಂ ಎಂಬಾಕೆ 1999ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಅಲ್ಲಿಯೇ ಬೆಳೆದವಳು. ತಂದೆತಾಯಿಗಳು ಬಾಂಗ್ಲಾದೇಶದ ಮೂಲದವರು. 2015ರ ಫೆಬ್ರವರಿಯಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಇಬ್ಬರು ಶಾಲಾಗೆಳತಿಯರೊಡನೆ ತುರ್ಕಿಯ ಮಾರ್ಗವಾಗಿ ಸಿರಿಯಕ್ಕೆ ಹೋಗಿ 'ಇಸ್ಲಾಮಿಕ್ ಸ್ಟೇಟ್' ಎಂಬ ಕ್ರೂರ ಪಂಗಡದ ಪ್ರದೇಶವನ್ನು ಸೇರಿದಳು; ಅಲ್ಲಿ ಡಚ್ ಹೋರಾಟಗಾರನೊಬ್ಬನನ್ನು ಮದುವೆಯಾದಳು. ಮೂರು ಮಕ್ಕಳು ಹುಟ್ಟಿದವು, ಮೂರೂ ತೀರಿಕೊಂಡವು. 2019ರ ಫೆಬ್ರವರಿಯಲ್ಲಿ ನಿರಾಶ್ರಿತರ ಶಿಬಿರವೊಂದರಲ್ಲಿ ಪತ್ರಕರ್ತರ ಕಣ್ಣಿಗೆ ಬಿದ್ದು, ಸ್ವದೇಶಕ್ಕೆ ಮರಳುವ ಇಚ್ಛೆಯನ್ನು ತಿಳಿಸಿದಳು. ಮಾಡಿದುದಕ್ಕೆ ಪಶ್ಚಾತ್ತಾಪದ ಮಾತು ಆಗ ಅವಳ ಬಾಯಿಂದ ಬರಲಿಲ್ಲವೆಂದು ಬ್ರಿಟಿಷ್ ಜನತೆ ಕೆರಳಿತು. ಅದೇ ತಿಂಗಳ 19ರಂದು ಗೃಹಮಂತ್ರಿ ಸಾಜಿದ್ ಜಾವಿದ್ ಅವರು ಅವಳ ಪೌರತ್ವವನ್ನು ರದ್ದುಪಡಿಸಿದರು. ಅದಕ್ಕೆ ಕೆಲವೇ ದಿನಗಳ ಮುಂಚೆ ಹುಟ್ಟಿದ್ದ ಅವಳ ಮೂರನೆಯ ಮಗುವು ಮಾರ್ಚಿಯಲ್ಲಿ ಶಿಬಿರದಲ್ಲಿಯೇ ಅಸುನೀಗಿತು.

ಅಂದಿನಿಂದ ಮೊಕದ್ದಮೆಯು ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಏರುತ್ತ ಹೋಯಿತು. ತನ್ನ ಅಪೀಲನ್ನು ನಡೆಸಲು ಬ್ರಿಟನ್ನಿಗೆ ಬರಗೊಡಬೇಕೆಂಬ ಅವಳ ಬೇಡಿಕೆಯನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು. 2023ರಲ್ಲಿ ವಿಶೇಷ ಮಂಡಲಿಯು, ಅವಳನ್ನು ದುರ್ಬಳಕೆಗಾಗಿ ಸಾಗಿಸಲಾಗಿರಬಹುದೆಂಬ ಶಂಕೆಗೆ ಆಧಾರವುಂಟೆಂದು ಒಪ್ಪಿಯೂ, ಮಂತ್ರಿಯ ಆಜ್ಞೆಯನ್ನು ಎತ್ತಿಹಿಡಿಯಿತು. 2024ರ ಫೆಬ್ರವರಿಯಲ್ಲಿ ಅಪೀಲು ನ್ಯಾಯಾಲಯವು, ಈ ನಿರ್ಧಾರವು ಕಠೋರವೆಂದು ಕೆಲವರು ವಾದಿಸಬಹುದಾದರೂ ಅದನ್ನು ಹೇಳುವುದು ತನ್ನ ಕೆಲಸವಲ್ಲವೆಂಬ ನಿಲುವನ್ನು ತಾಳಿತು. ಅದೇ ವರ್ಷದ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮುಂದಿನ ಅಪೀಲಿಗೆ ಅನುಮತಿ ನೀಡಲಿಲ್ಲ. ಇಷ್ಟೆಲ್ಲ ನಡೆದರೂ ಒಂದು ಮಾತು ಗಮನಾರ್ಹ: ಅವಳು ಯಾವ ಅಪರಾಧವನ್ನು ಎಸಗಿದಳು, ಅದಕ್ಕೆ ತಕ್ಕ ಶಿಕ್ಷೆ ಯಾವುದು ಎಂಬುದನ್ನು ಈ ಯಾವ ನ್ಯಾಯಾಲಯವೂ ವಿಚಾರಿಸಲಿಲ್ಲ. ಮಂತ್ರಿಯ ಆಜ್ಞೆಯು ಶಾಸನಬದ್ಧವೆ ಎಂಬುದಷ್ಟೇ ವಿಚಾರಣೆಗೆ ಬಂದಿತು.

ಪೌರತ್ವವನ್ನು ಕಸಿಯಬೇಕೆನ್ನುವವರ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ರಾಜ್ಯವು ಪ್ರಜೆಗೆ ರಕ್ಷಣೆಯನ್ನು ಕೊಡುತ್ತದೆ, ಪ್ರಜೆಯು ರಾಜ್ಯಕ್ಕೆ ನಿಷ್ಠೆಯನ್ನು ಸಲ್ಲಿಸುತ್ತಾನೆ. ಶತ್ರುಗಳ ಪಾಳೆಯವನ್ನು ತಾನಾಗಿ ಸೇರಿದವನು ಈ ಸಂಬಂಧವನ್ನು ತಾನೇ ಕಡಿದುಕೊಂಡನಲ್ಲವೆ ಎಂದು ಅವರು ಕೇಳುತ್ತಾರೆ. ರಣಭೂಮಿಯಲ್ಲಿ ನಡೆದ ಕೃತ್ಯಗಳಿಗೆ ಸಾಕ್ಷ್ಯ ದೊರೆಯುವುದು ಕಷ್ಟ. ಮರಳಿ ಬಂದವನು ಸಾಕ್ಷ್ಯವಿಲ್ಲದೆ ಬಿಡುಗಡೆ ಹೊಂದಿ ನಾಳೆ ನಮ್ಮ ರೈಲುಗಾಡಿಯಲ್ಲಿಯೇ ಬಾಂಬು ಇಟ್ಟರೆ ಗತಿಯೇನು ಎಂದೂ ಕೇಳುತ್ತಾರೆ. 2006ರ ಜುಲೈ 11ರ ಸಂಜೆ ಮುಂಬಯಿಯ ಲೋಕಲ್ ಗಾಡಿಗಳಲ್ಲಿ ನಡೆದ ಸ್ಫೋಟಗಳನ್ನು ಕಂಡ ನಮ್ಮ ವಾಚಕರಿಗೆ ಈ ಭಯವು ಬರಿಯ ಕಲ್ಪನೆಯೆಂದು ಹೇಳುವ ಧೈರ್ಯ ನಮಗಿಲ್ಲ. ಇಂತಹ ಪಂಗಡಗಳ ಮೇಲೆ ನಮಗೆ ಎಳ್ಳಷ್ಟೂ ಕನಿಕರವಿಲ್ಲ. ಆದರೂ ಪೌರತ್ವವನ್ನು ಕಸಿಯುವುದು ಈ ರೋಗಕ್ಕೆ ಮದ್ದಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತೇವೆ.

ಮೊದಲನೆಯದಾಗಿ, ಇದು ಶಿಕ್ಷೆಯಲ್ಲ, ಕೈತೊಳೆದುಕೊಳ್ಳುವ ಉಪಾಯ. ಅಪರಾಧಿಗೆ ಸಲ್ಲಬೇಕಾದುದು ವಿಚಾರಣೆ, ವಿಚಾರಣೆಯ ಕೊನೆಗೆ ದಂಡನೆ. 2008ರ ನವೆಂಬರಿನಲ್ಲಿ 166 ಜನರನ್ನು ಬಲಿ ತೆಗೆದುಕೊಂಡ ಮುಂಬಯಿಯ ದಾಳಿಯಲ್ಲಿ ಜೀವಂತ ಸೆರೆಸಿಕ್ಕ ಕಸಬ್ ನಮ್ಮ ಪ್ರಜೆಯಾಗಿರಲಿಲ್ಲ. ಆದರೂ ಅವನಿಗೆ ವಕೀಲರನ್ನು ಕೊಟ್ಟು ವಿಚಾರಣೆ ನಡೆಸಲಾಯಿತು. ಸರ್ವೋಚ್ಚ ನ್ಯಾಯಾಲಯದವರೆಗೂ ಅಪೀಲಿಗೆ ಅವಕಾಶವಿತ್ತು. 2012ರ ನವೆಂಬರ್ 21ರಂದು ಪುಣೆಯ ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ 2013ರ ಫೆಬ್ರವರಿ 21ರಂದು ನಡೆದ ಸ್ಫೋಟಗಳಿಗಾಗಿ 2016ರ ಡಿಸೆಂಬರಿನಲ್ಲಿ ಮರಣದಂಡನೆಗೆ ಗುರಿಯಾದ ಐವರಲ್ಲಿ ಒಬ್ಬನು ನಮ್ಮ ಕರಾವಳಿಯ ಭಟ್ಕಳದಲ್ಲಿ ಹುಟ್ಟಿದವನು. ಇನ್ನೊಬ್ಬನು ಪಾಕಿಸ್ತಾನದ ಪ್ರಜೆ. ಪ್ರಜೆಯನ್ನೂ ಪರದೇಶಿಯನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿ, ಒಂದೇ ಶಾಸನದಂತೆ ವಿಚಾರಿಸಲಾಯಿತು. ಪರದೇಶಿಗೂ ಸಲ್ಲುವ ವಿಚಾರಣೆಯು ಸ್ವದೇಶದವನಿಗೆ ಸಲ್ಲುವುದಿಲ್ಲವೆಂದರೆ ಅದು ಯಾವ ನ್ಯಾಯ?

ಎರಡನೆಯದಾಗಿ, ಈ ಅಧಿಕಾರವು ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಹುಟ್ಟಿನಿಂದ ಪ್ರಜೆಯಾದವನನ್ನು ಯಾವ ದೇಶಕ್ಕೂ ಸೇರದವನನ್ನಾಗಿ ಮಾಡಬಾರದೆಂದು ಬ್ರಿಟಿಷ್ ಶಾಸನವು ಹೇಳುತ್ತದೆ. ಹಾಗಾದರೆ ಪೌರತ್ವವನ್ನು ಕಳೆದುಕೊಳ್ಳುವವರು ಯಾರು? ಇನ್ನೊಂದು ದೇಶದ ಹಕ್ಕು ಎಲ್ಲಿಯಾದರೂ ಅಂಟಿಕೊಂಡಿರುವವರು, ಅಂದರೆ ಹೆಚ್ಚಾಗಿ ವಲಸೆ ಬಂದವರ ಮಕ್ಕಳು. ತಂದೆತಾಯಿಗಳ ಮೂಲದಿಂದ ಶಮೀಮಾ ಬಾಂಗ್ಲಾದೇಶದ ಪೌರಳೂ ಹೌದೆಂದು ಬ್ರಿಟನ್ ವಾದಿಸಿತು. ಅವಳಾದರೋ ಆ ದೇಶವನ್ನು ಕಣ್ಣಿನಿಂದ ಕಂಡವಳಲ್ಲ; ಅವಳು ತನ್ನ ಪ್ರಜೆಯೇ ಅಲ್ಲವೆಂದು ಆ ದೇಶದ ಸರಕಾರವೂ ಸ್ಪಷ್ಟಪಡಿಸಿತು. ಅವಳೊಡನೆ ಅದೇ ವಿಮಾನವನ್ನು ಹತ್ತಿ ಅದೇ ತಪ್ಪನ್ನು ಮಾಡಿದ ಹುಡುಗಿಯೊಬ್ಬಳ ಅಜ್ಜ ಮುತ್ತಜ್ಜಂದಿರೆಲ್ಲರೂ ಇಂಗ್ಲೆಂಡಿನವರೇ ಆಗಿದ್ದರೆ ಅವಳ ಪೌರತ್ವವನ್ನು ಯಾವ ಮಂತ್ರಿಯೂ ಮುಟ್ಟಲಾರನು. ತಪ್ಪು ಒಂದೇ, ದಂಡ ಬೇರೆ. ಭೇದಕ್ಕೆ ಕಾರಣ ತಂದೆಯ ಊರು. ಪ್ಯಾರಿಸಿನಲ್ಲಿ 2015ರ ನವೆಂಬರಿನಲ್ಲಿ ನಡೆದ ಹತ್ಯಾಕಾಂಡದ ಬಳಿಕ ಅಧ್ಯಕ್ಷ ಒಲಾಂದ್ ಅವರು, ಫ್ರಾನ್ಸಿನಲ್ಲಿಯೇ ಹುಟ್ಟಿ ಎರಡು ದೇಶಗಳ ಪೌರತ್ವವನ್ನು ಹೊಂದಿದವರಿಗೂ ಈ ದಂಡವನ್ನು ವಿಸ್ತರಿಸಲು ರಾಜ್ಯಾಂಗ ತಿದ್ದುಪಡಿಗೆ ಹೊರಟರು. ಇದನ್ನು ಒಪ್ಪದ ನ್ಯಾಯಮಂತ್ರಿ ಕ್ರಿಸ್ಟಿಯಾನ್ ತೋಬಿರಾ ಅವರು 2016ರ ಜನವರಿಯಲ್ಲಿ ರಾಜೀನಾಮೆಯನ್ನಿತ್ತರು. ಮಾರ್ಚಿಯಲ್ಲಿ ಅಧ್ಯಕ್ಷರು ಆ ಯೋಜನೆಯನ್ನೇ ಕೈಬಿಟ್ಟರು. ಪ್ರಜೆಗಳಲ್ಲಿ ಎರಡು ಪಂಕ್ತಿಗಳನ್ನು ಹಾಕಬಾರದೆಂಬ ವಿವೇಕವು ಕೊನೆಗೆ ಗೆದ್ದಿತು.

ಮೂರನೆಯದಾಗಿ, ಇದರಿಂದ ಅಪಾಯವು ಅಳಿಯುವುದಿಲ್ಲ, ಸ್ಥಳ ಬದಲಾಯಿಸುತ್ತದೆ ಅಷ್ಟೆ. ತನ್ನ ಮನೆಯ ಕಸವನ್ನು ಗುಡಿಸಿ ನೆರೆಮನೆಯ ಅಂಗಳಕ್ಕೆ ಹಾಕಿದವನು ಬೀದಿಯನ್ನು ಶುಚಿಗೊಳಿಸಿದನೆನ್ನಬಹುದೆ? ಆರು ವರ್ಷದ ಮಗುವಾಗಿದ್ದಾಗಲೇ ನ್ಯೂಜಿಲೆಂಡನ್ನು ಬಿಟ್ಟು ಆಸ್ಟ್ರೇಲಿಯದಲ್ಲಿ ಬೆಳೆದು, ಅಲ್ಲಿಯ ಪಾಸ್‌ಪೋರ್ಟಿನ ಮೇಲೆ ಸಿರಿಯಕ್ಕೆ ಹೋದ ಹೆಂಗಸೊಬ್ಬಳ ಪೌರತ್ವವನ್ನು ಆಸ್ಟ್ರೇಲಿಯವು ರದ್ದುಪಡಿಸಿದಾಗ, ಹೊಣೆಯನ್ನು ತಮ್ಮ ತಲೆಗೆ ಕಟ್ಟಲಾಯಿತೆಂದು ನ್ಯೂಜಿಲೆಂಡಿನ ಪ್ರಧಾನಿ ಜಸಿಂಡಾ ಆರ್ಡನ್ ಅವರು 2021ರಲ್ಲಿ ಬಹಿರಂಗವಾಗಿಯೇ ಆಕ್ಷೇಪಿಸಿದರು. ಸಿರಿಯದ ಅಲ್-ಹೋಲ್ ಶಿಬಿರದಲ್ಲಿ 2019ರಲ್ಲಿ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಜನರು ತುಂಬಿದ್ದರು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಯುದ್ಧದಿಂದ ಜರ್ಜರಿತವಾದ ಬಡ ಸೀಮೆಯೊಂದು ಸಿರಿವಂತ ದೇಶಗಳ ಅಪರಾಧಿಗಳನ್ನು ಕಾಯುತ್ತ ಕುಳಿತಿರಬೇಕೆಂಬುದು ಯಾವ ಧರ್ಮ?

ನಾಲ್ಕನೆಯ ಕಾರಣವೇ ಎಲ್ಲಕ್ಕಿಂತ ಗುರುತರವಾದುದು. ಇಂತಹ ಅಧಿಕಾರವು ಒಮ್ಮೆ ಹುಟ್ಟಿದರೆ ಹುಟ್ಟಿದಷ್ಟಕ್ಕೇ ನಿಲ್ಲುವುದಿಲ್ಲ. ಬ್ರಿಟನ್ನಿನಲ್ಲಿ 2002ರ ಶಾಸನವು, ರಾಷ್ಟ್ರದ ಜೀವಾಳದ ಹಿತಗಳಿಗೆ ಗಂಭೀರವಾದ ಧಕ್ಕೆಯನ್ನು ತಂದವರಿಗೆ ಮಾತ್ರ ಇದು ಎಂದಿತು. 2006ರಲ್ಲಿ ಆ ಮಾತನ್ನು ಸಡಿಲಿಸಿ, ಸಾರ್ವಜನಿಕ ಹಿತಕ್ಕೆ ಅನುಕೂಲವೆಂದು ಮಂತ್ರಿಗೆ ತೋರಿದರೆ ಸಾಕೆಂದು ಮಾಡಲಾಯಿತು. 2014ರಲ್ಲಿ ಹೊರಗಿನಿಂದ ಬಂದು ಪ್ರಜೆಗಳಾದವರನ್ನು ದೇಶವಿಲ್ಲದವರನ್ನಾಗಿಸಲೂ ದಾರಿ ತೆರೆಯಲಾಯಿತು. 2022ರಲ್ಲಿ ಕೆಲವು ಸಂದರ್ಭಗಳಲ್ಲಿ ನೋಟೀಸನ್ನು ಕೊಡದೆಯೂ ಪೌರತ್ವವನ್ನು ತೆಗೆಯಬಹುದೆಂದಾಯಿತು. 2017ರ ಒಂದೇ ವರ್ಷದಲ್ಲಿ ಸಾರ್ವಜನಿಕ ಹಿತದ ಹೆಸರಿನಲ್ಲಿ 104 ಜನರು ಪೌರತ್ವವನ್ನು ಕಳೆದುಕೊಂಡರು. ಆನೆ ನಡೆದದ್ದೇ ದಾರಿ ಎಂಬಂತಾಗಲು ಇನ್ನೇನು ಬೇಕು? ಜರ್ಮನಿಯ ನಾಜಿಗಳು ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, 1933ರ ಜುಲೈ 14ರಂದು, ಮಾಡಿದ ಶಾಸನಗಳಲ್ಲಿ ಪೌರತ್ವವನ್ನು ಕಸಿಯುವ ಶಾಸನವೂ ಒಂದು. ಇಂದಿನ ಬ್ರಿಟನ್ನನ್ನು ಅಂದಿನ ಜರ್ಮನಿಗೆ ಹೋಲಿಸುವುದು ಅನ್ಯಾಯ, ನಾವು ಹೋಲಿಸುವುದಿಲ್ಲ. ಆದರೆ ಸಜ್ಜನರ ಕೈಗೆ ಕೊಟ್ಟ ಕತ್ತಿಯು ಮುಂದೆ ದುರ್ಜನರ ಕೈಗೂ ಹೋಗಬಹುದೆಂಬುದನ್ನು ಶಾಸನವನ್ನು ಮಾಡುವವರು ಮರೆಯಬಾರದು.

ಈ ಎಚ್ಚರಿಕೆಯನ್ನು ನ್ಯಾಯಾಧೀಶರು ಅಲ್ಲಲ್ಲಿ ತೋರಿದ್ದುಂಟು. ಎರಡನೆಯ ಮಹಾಯುದ್ಧದಲ್ಲಿ ಒಂದು ದಿನಕ್ಕೂ ಕಡಿಮೆ ಕಾಲ ದಂಡನ್ನು ಬಿಟ್ಟುಹೋದುದಕ್ಕಾಗಿ ಪೌರತ್ವವನ್ನು ಕಳೆದುಕೊಂಡಿದ್ದ ಸೈನಿಕನೊಬ್ಬನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ, ಅಂತಹ ದಂಡವು ರಾಜ್ಯಾಂಗವು ನಿಷೇಧಿಸಿದ ಕ್ರೂರದಂಡವೆಂದು ತೀರ್ಪಿತ್ತಿತು. ಆಸ್ಟ್ರೇಲಿಯದ ಉಚ್ಚ ನ್ಯಾಯಾಲಯವು 2022ರಲ್ಲಿ, ತಪ್ಪನ್ನು ನಿರ್ಣಯಿಸಿ ದಂಡಿಸುವುದು ನ್ಯಾಯಾಲಯದ ಕೆಲಸ, ಮಂತ್ರಿಯದಲ್ಲವೆಂದು ಹೇಳಿ ಅಂತಹ ಶಾಸನದ ಭಾಗವೊಂದನ್ನು ಹೊಡೆದುಹಾಕಿತು. ಪ್ರತಿಯೊಬ್ಬನಿಗೂ ಪೌರತ್ವದ ಹಕ್ಕುಂಟು, ಅದನ್ನು ಯಾರೂ ಮನಬಂದಂತೆ ಕಸಿಯಬಾರದು ಎಂಬುದು 1948ರ ವಿಶ್ವಮಾನವಹಕ್ಕುಗಳ ಘೋಷಣೆಯ 15ನೆಯ ಅನುಚ್ಛೇದದ ಆಶಯವಾಗಿದೆ.

ಇನ್ನು ನಮ್ಮ ದೇಶದ ಮಾತು. 1955ರ ಪೌರತ್ವ ಶಾಸನದ 10ನೆಯ ಕಲಮಿನ ಪ್ರಕಾರ ಭಾರತ ಸರಕಾರವು ಪೌರತ್ವವನ್ನು ಕಸಿಯಬಹುದಾದುದು ನೋಂದಣಿಯಿಂದಲೋ ಅರ್ಜಿಯಿಂದಲೋ ಪ್ರಜೆಗಳಾದವರಿಂದ ಮಾತ್ರ. ಅದಕ್ಕೂ ಗೊತ್ತಾದ ಕಾರಣಗಳಿವೆ, ವಿಚಾರಣಾ ಸಮಿತಿಯ ಏರ್ಪಾಡು ಇದೆ. ಹುಟ್ಟಿನಿಂದ ಭಾರತೀಯನಾದವನನ್ನು ಈ ಕಲಮು ಮುಟ್ಟುವುದಿಲ್ಲ. ಎರಡು ದೇಶಗಳ ಪೌರತ್ವಕ್ಕೆ ನಮ್ಮಲ್ಲಿ ಎಡೆಯಿಲ್ಲವಾದುದರಿಂದ ಭಾರತೀಯನಿಂದ ಪೌರತ್ವವನ್ನು ಕಿತ್ತುಕೊಂಡರೆ ಅವನಿಗೆ ಭೂಮಿಯ ಮೇಲೆ ಬೇರೆ ನೆಲೆಯೇ ಇರುವುದಿಲ್ಲ. ಮುಂಬಯಿಯ ಮಗ್ಗುಲಿನ ಕಲ್ಯಾಣದಿಂದ ನಾಲ್ವರು ತರುಣರು 2014ರ ಮೇ ತಿಂಗಳಲ್ಲಿ ಯಾತ್ರಿಕರೊಡನೆ ಇರಾಕಿಗೆ ಹೋಗಿ ಕಣ್ಮರೆಯಾದುದು ವಾಚಕರಿಗೆ ನೆನಪಿರಬಹುದು. ಅವರಲ್ಲಿ ಒಬ್ಬನು ಅದೇ ನವೆಂಬರಿನಲ್ಲಿ ಮರಳಿ ಬಂದನು. ಸರಕಾರವು ಅವನನ್ನು ಬರಗೊಟ್ಟಿತು, ಬಂಧಿಸಿತು, ನ್ಯಾಯಾಲಯದ ಮುಂದೆ ನಿಲ್ಲಿಸಿತು. ಸರಿಯಾದ ಹಾದಿ ಇದೇ. ನಮ್ಮ ನ್ಯಾಯಾಲಯಗಳು ನಿಧಾನ, ವಿಚಾರಣಾ ಕೈದಿಗಳು ವರ್ಷಗಟ್ಟಲೆ ಕೊಳೆಯುತ್ತಾರೆ ಎಂಬ ದೂರು ನಿಜವೇ. ಅದಕ್ಕೆ ಪರಿಹಾರವು ನ್ಯಾಯವನ್ನು ಚುರುಕುಗೊಳಿಸುವುದೇ ಹೊರತು ನ್ಯಾಯವನ್ನು ಬಿಟ್ಟುಬಿಡುವುದಲ್ಲ. ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವವರುಂಟೆ?

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರು ಈ ಮಾತನ್ನು ಇತರರಿಗಿಂತ ಬೇಗನೆ ಗ್ರಹಿಸಬಲ್ಲರು. 1960ರ ದಶಕದ ಕೊನೆಯ ವರ್ಷಗಳಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಕೂಗು ಎದ್ದು ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗ, ನಿಮ್ಮ ಊರಿಗೆ ಹೋಗಿರಿ ಎಂಬ ಮಾತನ್ನು ನಮ್ಮ ಹಿರಿಯರು ಕಿವಿಯಾರೆ ಕೇಳಿದರು. ಮಾಟುಂಗದಲ್ಲಿ ಹುಟ್ಟಿದ ಮಗುವಿಗೂ ಅವನ ಅಜ್ಜನ ಊರನ್ನು ತೋರಿಸಿದವರಿದ್ದರು. ಆಗ ನಮ್ಮನ್ನು ಕಾದುದು ಭಾರತದ ಏಕಪೌರತ್ವ. ದೇಶದ ಯಾವ ಭಾಗದಲ್ಲಿಯೂ ನೆಲೆಸಿ ಬಾಳುವ ಹಕ್ಕನ್ನು ಕೊಟ್ಟ ರಾಜ್ಯಾಂಗದ 19ನೆಯ ಅನುಚ್ಛೇದ. ಭಯೋತ್ಪಾದಕನಿಗೂ ಬೆವರು ಸುರಿಸಿ ದುಡಿಯುವ ಹೋಟೆಲು ಕಾರ್ಮಿಕನಿಗೂ ಯಾವ ಸಾಮ್ಯವೂ ಇಲ್ಲ. ಆದರೆ ಮನುಷ್ಯನ ಹಕ್ಕನ್ನು ಅವನ ತಂದೆಯ ಊರಿನಿಂದ ಅಳೆಯುವ ಕೋಲು ಎರಡೂ ಕಡೆ ಒಂದೇ. ಆ ಕೋಲನ್ನು ದುಷ್ಟನ ಮೇಲೆ ಎತ್ತಿದಾಗ ಸುಮ್ಮನಿದ್ದವರು, ನಿರಪರಾಧಿಯ ಮೇಲೆ ಎತ್ತಿದಾಗ ಯಾವ ಬಾಯಿಂದ ತಡೆಯಬಲ್ಲರು?

ಹಾಗಾದರೆ ಸರಕಾರಗಳು ಕೈಕಟ್ಟಿ ಕೂರಬೇಕೆ? ಖಂಡಿತವಾಗಿಯೂ ಇಲ್ಲ. ಹೊರಡಲಿರುವವನ ಪಾಸ್‌ಪೋರ್ಟನ್ನು ತಡೆಹಿಡಿಯಲಿ. ಹೊರಡಿಸುವ ದಲ್ಲಾಳಿಗಳನ್ನು ಮೊದಲು ಹಿಡಿಯಲಿ. ಮರಳುವವನು ನಿಲ್ದಾಣದಲ್ಲಿ ಕಾಲಿಡುತ್ತಲೇ ಬಂಧಿಸಿ, ಸಾಕ್ಷ್ಯ ಸಿಕ್ಕಿದಷ್ಟಕ್ಕೆ ಕಠಿಣವಾಗಿ ದಂಡಿಸಲಿ. ಸಾಕ್ಷ್ಯವು ಸಾಲದಿದ್ದರೆ ಶಾಸನಬದ್ಧವಾದ ಕಾವಲಿನಲ್ಲಿ ಇಡಲಿ. ಸುಳ್ಳು ಕಾಗದಪತ್ರಗಳಿಂದ ಪೌರತ್ವವನ್ನು ಪಡೆದವನಿಂದ ಅದನ್ನು ಹಿಂದಕ್ಕೆ ಪಡೆಯುವುದು ಬೇರೆ ಮಾತು. ಅಲ್ಲಿ ಕೊಟ್ಟುದೇ ಮೋಸದಿಂದ. ಅರಿಯದ ವಯಸ್ಸಿನಲ್ಲಿ ಹೋದವರನ್ನೂ ಅಲ್ಲಿ ಹುಟ್ಟಿದ ಮಕ್ಕಳನ್ನೂ ಕೊಲೆಗಡುಕರ ಸಾಲಿನಲ್ಲಿ ಎಣಿಸದಿರುವ ವಿವೇಕವೂ ಇರಲಿ.

ಪೌರತ್ವವು ಸರಕಾರವು ಮೆಚ್ಚಿ ಕೊಡುವ ಇನಾಮಲ್ಲ. ಮುನಿದಾಗ ಹಿಂದಕ್ಕೆ ಕೇಳಲು ಅದಕ್ಕೆ ಅಧಿಕಾರವಿಲ್ಲ. ಒಂದು ದೇಶದಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಓದಿ, ಅಲ್ಲಿಯೇ ಕೆಟ್ಟವನು ಆ ದೇಶದ ಹೊಣೆ. ಅವನನ್ನು ಸೆರೆಮನೆಗೆ ಕಳುಹಿಸುವ ಹಕ್ಕು ಆ ದೇಶಕ್ಕುಂಟು. ನೀನು ನಮ್ಮವನಲ್ಲ ಎನ್ನುವ ಹಕ್ಕು ಇಲ್ಲ. ಭಾರತದ ಶಾಸನವು ಈವರೆಗೆ ಈ ಮರ್ಯಾದೆಯನ್ನು ಉಳಿಸಿಕೊಂಡು ಬಂದಿದೆ. ನಾಳೆ ಯಾವ ದುರ್ಘಟನೆಯ ಬಿಸಿಯಲ್ಲಿಯೇ ಆಗಲಿ ಅದನ್ನು ಬದಲಿಸಬೇಕೆಂಬ ಕೂಗು ಎದ್ದರೆ, ನಮ್ಮ ವಾಚಕರು ಶಾಂತಚಿತ್ತದಿಂದ ಯೋಚಿಸಿ ಆ ಕೂಗಿಗೆ ದನಿಗೂಡಿಸದಿರಲಿ ಎಂದು ಹಾರೈಸುತ್ತೇವೆ.