ಶಿಷ್ಯರನ್ನೇ ಬದಲಿಸಿದ ಗುರು

ಅಧ್ಯಾಪಕನ ಯೋಗ್ಯತೆಯನ್ನು ಅವನ ಶಾಲೆಯ ಫಲಿತಾಂಶದಿಂದಲೇ ಅಳೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಈ ಅಳತೆಗೋಲು ಮನುಷ್ಯನನ್ನು ಎಲ್ಲಿಯವರೆಗೆ ಕೊಂಡೊಯ್ಯಬಲ್ಲುದೆಂಬುದಕ್ಕೆ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 2023ರ ವೃತ್ತಾಂತವನ್ನು ನೋಡಬಹುದು.

ಅಲ್ಲಿನ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಆಟ. ವಿದ್ಯಾರ್ಥಿಗಳ ಪಂದ್ಯವನ್ನು ನೋಡಲು ಬೌಲ್ಡರ್ ನಗರದ ಕ್ರೀಡಾಂಗಣದಲ್ಲಿ ಐವತ್ತು ಸಾವಿರ ಜನ ನೆರೆಯುವುದುಂಟು. 2022ರಲ್ಲಿ ಆ ತಂಡ 12 ಪಂದ್ಯಗಳಲ್ಲಿ ಗೆದ್ದುದು ಒಂದನ್ನು ಮಾತ್ರ. ಆ ವರ್ಷದ ಡಿಸೆಂಬರಿನಲ್ಲಿ, ಹಿಂದೆ ವೃತ್ತಿಪರ ಆಟಗಾರನಾಗಿ ಬಹು ಖ್ಯಾತಿ ಪಡೆದಿದ್ದ ಡಿಯಾನ್ ಸ್ಯಾಂಡರ್ಸ್ ಅವರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಲಾಯಿತು. ಅವರು ಮೊದಲ ಸಭೆಯಲ್ಲಿಯೇ, ಬೇರೆ ಕಾಲೇಜು ನೋಡಿಕೊಳ್ಳಿರೆಂದು ಇದ್ದ ಹುಡುಗರಿಗೆ ಸೂಚಿಸಿದರು. ಹತ್ತಾರು ಮಂದಿ ಹೊರನಡೆದರು. ಐವತ್ತಕ್ಕೂ ಹೆಚ್ಚು ಮಂದಿ ಅನ್ಯ ಕಾಲೇಜುಗಳಿಂದ ಬಂದು ಸೇರಿದರು. ತರಬೇತುದಾರರ ಇಬ್ಬರು ಪುತ್ರರೂ ಅವರಲ್ಲಿದ್ದರು.

ಆರಂಭವೇನೋ ಅದ್ಭುತವಾಗಿತ್ತು. ಹಿಂದಿನ ಋತುವಿನ ರಾಷ್ಟ್ರೀಯ ಅಂತಿಮ ಪಂದ್ಯ ಆಡಿದ್ದ ಟೆಕ್ಸಾಸ್ ಕ್ರಿಶ್ಚಿಯನ್ ತಂಡವನ್ನು 45–42ರಿಂದ ಸೋಲಿಸಿದರು. ಸಾಲಾಗಿ ಮೂರು ಗೆಲುವು, ದೇಶವೆಲ್ಲ ಬೆರಗಾಯಿತು. ನಾಲ್ಕನೆಯ ಪಂದ್ಯದಲ್ಲಿ ಆರೆಗನ್ ತಂಡ 42–6ರಿಂದ ಇವರನ್ನು ಸದೆಬಡಿಯಿತು. ಸ್ಟ್ಯಾನ್‌ಫರ್ಡ್ ವಿರುದ್ಧ ಅರ್ಧ ಆಟ ಮುಗಿದಾಗ 29–0ರಿಂದ ಮುಂದಿದ್ದವರು ಕಡೆಗೆ 46–43ರಿಂದ ಸೋತರು. ಋತು ಮುಗಿದಾಗ ನಾಲ್ಕು ಗೆಲುವು, ಎಂಟು ಸೋಲು. ಚೆಂಡೆಸೆಯುವ ನಾಯಕನನ್ನು ಕಾಯಬೇಕಾದ ಮುಂಚೂಣಿಯ ಸಾಲು ಪದೇಪದೇ ಮುರಿದು, ಆತ ಐವತ್ತಕ್ಕೂ ಹೆಚ್ಚು ಬಾರಿ ಎದುರಾಳಿಗಳ ಕೈಗೆ ಸಿಕ್ಕಿ ನೆಲಕ್ಕುರುಳಿದ. ಪಕ್ಕದವನ ಹೆಜ್ಜೆಯನ್ನು ನೋಡದೆಯೇ ಅರಿಯುವ ಬಳಕೆ ಆ ಸಾಲಿಗೆ ಬೇಕು. ಕೆಲವು ತಿಂಗಳುಗಳಲ್ಲಿ ಕೂಡಿಸಿದ ಗುಂಪಿನಲ್ಲಿ ಅದನ್ನು ನಿರೀಕ್ಷಿಸುವುದು ಹೇಗೆ?

ಒಂದಕ್ಕಿಂತ ನಾಲ್ಕು ಹೆಚ್ಚಲ್ಲವೆ ಎನ್ನುವವರಿದ್ದಾರೆ. ನಿಜ. 2024ರಲ್ಲಿ ಒಂಬತ್ತು ಪಂದ್ಯಗಳನ್ನೂ ಗೆದ್ದರು. ಅವರ ಆಟಗಾರ ಟ್ರಾವಿಸ್ ಹಂಟರನಿಗೆ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಗೌರವವಾದ ಹೈಸ್ಮನ್ ಪ್ರಶಸ್ತಿ ಬಂದಿತು. 2025ರಲ್ಲಿ ಗೆಲುವು ಮತ್ತೆ ಮೂರಕ್ಕಿಳಿಯಿತೆಂಬುದನ್ನು ನಾನು ದೊಡ್ಡದು ಮಾಡಲಾರೆ. ನನ್ನ ಆಕ್ಷೇಪಣೆ ಸೋಲಿನ ಕುರಿತದ್ದಲ್ಲ. ಹನ್ನೆರಡಕ್ಕೆ ಹನ್ನೆರಡನ್ನು ಗೆದ್ದಿದ್ದರೂ, ಸೋತ ಹುಡುಗರನ್ನು ಗೆಲ್ಲುವಂತೆ ಮಾಡಿದ ಕೀರ್ತಿ ಆ ತರಬೇತುದಾರರಿಗೆ ಸಲ್ಲುತ್ತಿರಲಿಲ್ಲ. ಗೆಲ್ಲಬಲ್ಲವರನ್ನು ಆರಿಸಿ ತರುವುದು ಜಾಣತನ. ಅದನ್ನು ಬೋಧನೆಯೆಂದು ಕರೆಯಲು ನನಗೆ ಮನಸ್ಸು ಬಾರದು. ಅವರೊಬ್ಬರನ್ನೇ ದೂಷಿಸುವುದೂ ಸಲ್ಲದು. ಅಲ್ಲಿನ ನಿಯಮವೇ ಇದಕ್ಕೆ ಅವಕಾಶ ಕೊಟ್ಟಿತು, ಪ್ರೇಕ್ಷಕರು ಚಪ್ಪಾಳೆ ತಟ್ಟಿದರು.

ದೂರದ ಈ ಸಂಗತಿಯನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆ ನೂರು ಬರಲೆಂದು, ಒಂಬತ್ತರಲ್ಲಿಯೇ ಹಿಂದುಳಿದ ಹುಡುಗನ ಕೈಗೆ ವರ್ಗಾವಣೆ ಪತ್ರವಿತ್ತು ಸಾಗಹಾಕುವ ಶಾಲೆಗಳು ನಮ್ಮ ನಾಡಿನಲ್ಲಿಯೂ ಇವೆ. ಎಲ್ಲಿಯೂ ಆಸರೆ ದೊರೆಯದ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಲೆಂದು ಮಠಗಳು ಪ್ರಸಾದನಿಲಯಗಳನ್ನು ತೆರೆದವು. ಅಂಥ ಪರಂಪರೆಯ ಸಂಸ್ಥೆಗಳ ದಾನಿಗಳು ಶೇಕಡಾವಾರು ಫಲಿತಾಂಶದ ಫಲಕವನ್ನು ಕಂಡು ಹಿಗ್ಗುವ ಮುನ್ನ ದಾಖಲಾತಿ ಪುಸ್ತಕವನ್ನು ತರಿಸಿ ನೋಡಲಿ: ಎಂಟನೆಯ ತರಗತಿಗೆ ಸೇರಿದವರೆಷ್ಟು, ಹತ್ತರ ಪರೀಕ್ಷೆಗೆ ಕುಳಿತವರೆಷ್ಟು? ಇಂಥ ಸಂಚಿಕೆಗಳಲ್ಲಿ ಫಲಿತಾಂಶದ ಪಕ್ಕದಲ್ಲಿಯೇ ಆ ಎರಡು ಅಂಕಿಗಳನ್ನೂ ಅಚ್ಚು ಮಾಡಿಸುವುದು ಕಷ್ಟದ ಕೆಲಸವೇನಲ್ಲ.