ಒಲೆಗೆ ಬೀಳದೆ ಉಳಿದ ಕಾಗದಗಳು

ಹಬ್ಬ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಧೂಳು ಕೊಡವುತ್ತಾ, ಸೀನುತ್ತಾ, “ಈ ಕಾಗದಗಳನ್ನೆಲ್ಲ ಯಾಕ್ರೀ ಇಟ್ಟುಕೊಂಡಿದ್ದೀರಿ, ರದ್ದಿಗೆ ಹಾಕಬಾರದೇ?” ಎಂದು ಮನೆಯವರನ್ನು ಕೇಳದ ಗೃಹಿಣಿ ಯಾರಿದ್ದಾರೆ ಹೇಳಿ! ರದ್ದಿಗೆ ಹಾಕುವ ಮುಂಚೆ ಈ ಸಲ ಒಂದು ಸಂಗತಿ ಕೇಳಿ, ಸೋದರಿಯರೇ. ಕಟ್ಟುಕಥೆಯಲ್ಲ, ನಡೆದದ್ದು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬಫಲೋ ಅಂತ ಒಂದು ಊರು. ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಜೇಮ್ಸ್ ಜಾಯ್ಸ್ ಎಂಬ ಐರ್ಲೆಂಡಿನ ಕಾದಂಬರಿಕಾರನ ಕಾಗದಪತ್ರಗಳನ್ನು ಜೋಪಾನವಾಗಿಟ್ಟಿದ್ದಾರೆ. ಬರೆದು, ಹೊಡೆದು, ತಿದ್ದಿದ ಪುಟಗಳೇ ಹತ್ತು ಸಾವಿರಕ್ಕೂ ಹೆಚ್ಚು! ಜೊತೆಗೆ ಅವನ ಕನ್ನಡಕ, ಊರುಗೋಲು, ಮನೆಯ ಗೋಡೆಯ ಮೇಲಿದ್ದ ಹಿರಿಯರ ಚಿತ್ರಪಟಗಳು. ಒಂದೇ ಒಂದು ದಿನದ ಕಥೆಯನ್ನು ನೂರಾರು ಪುಟ ಬರೆದು 1922ರಲ್ಲಿ ‘ಯುಲಿಸಿಸ್’ ಎಂದು ಅಚ್ಚು ಹಾಕಿಸಿದವನು ಇವನೇ. ಆಮೇಲಿನ ‘ಫಿನೆಗನ್ಸ್ ವೇಕ್’ಗಂತೂ ಹದಿನೇಳು ವರ್ಷ ಹಿಡಿಯಿತು. ಹತ್ತಾರು ಭಾಷೆಗಳ ಪದಗಳನ್ನು ಕಲಸಿ ಮಾಡಿದ ಆ ಪುಸ್ತಕವನ್ನು ಓದಿ ಮುಗಿಸಿದವರಿಗಿಂತ ಅರ್ಧಕ್ಕೇ ಮುಚ್ಚಿಟ್ಟವರೇ ಹೆಚ್ಚು ಎಂದರೆ ತಪ್ಪಾಗಲಾರದು. ಪುಸ್ತಕ ಹಾಗಿರಲಿ, ನನಗೆ ಹಿಡಿಸಿದ್ದು ಈ ಕಾಗದಗಳು ಉಳಿದು ಬಂದ ಬಗೆ. ಅದರ ಹಿಂದೆ ಎಷ್ಟು ಜನ ಹೆಣ್ಣುಮಕ್ಕಳಿದ್ದಾರೆ ನೋಡಿ!

1911ರ ಸುಮಾರಿಗೆ ಜಾಯ್ಸನ ಸಂಸಾರ ಟ್ರಿಯೆಸ್ಟ್ ಎಂಬ ಊರಿನಲ್ಲಿತ್ತು. ಕೈಯಲ್ಲಿ ಕಾಸಿಲ್ಲ, ಪ್ರಕಾಶಕರು ಪುಸ್ತಕ ತೆಗೆದುಕೊಳ್ಳಲೊಲ್ಲರು. ಒಂದು ದಿನ ಸಿಟ್ಟು ನೆತ್ತಿಗೇರಿ, ಬರೆಯುತ್ತಿದ್ದ ಕಾದಂಬರಿಯ ಹಸ್ತಪ್ರತಿಯನ್ನೇ ಉರಿಯುವ ಒಲೆಗೆ ಎಸೆದುಬಿಟ್ಟ. ತಂಗಿ ಐಲೀನ್ ಓಡಿಬಂದು, ಬೆರಳು ಸುಟ್ಟುಕೊಂಡು ಅದನ್ನು ಈಚೆಗೆ ಎಳೆದಳು. ಮರುದಿನ ಅಣ್ಣ ಅವಳಿಗೆ ಮೂರು ಬಣ್ಣದ ಮೂರು ಸೋಪು, ಒಂದು ಜೊತೆ ಕೈಗವಸು ತಂದುಕೊಟ್ಟನಂತೆ. ಉಳಿದ ಪುಟಗಳನ್ನು ಹಳೆಯ ದುಪ್ಪಟಿಯಲ್ಲಿ ಗಂಟು ಕಟ್ಟಿಟ್ಟರು. ಆ ಕಥೆಯೇ ಮುಂದೆ 1916ರಲ್ಲಿ ಪುಸ್ತಕವಾಗಿ ಬಂದು ಅವನಿಗೆ ಹೆಸರು ತಂದದ್ದು.

ಹತ್ತು ವರ್ಷದ ಮೇಲೆ ಪ್ಯಾರಿಸ್ಸಿನಲ್ಲಿ ಮತ್ತೊಂದು ಬೆಂಕಿ. ‘ಯುಲಿಸಿಸ್’ನ ಒಂದು ಅಧ್ಯಾಯವನ್ನು ಟೈಪ್ ಮಾಡಲು ಒಬ್ಬಾಕೆ ಒಪ್ಪಿಕೊಂಡಿದ್ದರು. ಆಕೆಯ ಗಂಡ ಅದನ್ನು ಓದಿ ಕೆಂಡಾಮಂಡಲವಾಗಿ ಸಿಕ್ಕಷ್ಟನ್ನು ಬೆಂಕಿಗೆ ಹಾಕಿದ. ಪುಣ್ಯಕ್ಕೆ ಇನ್ನೊಂದು ಪ್ರತಿ ಅಮೆರಿಕದಲ್ಲಿ ಒಬ್ಬ ವಕೀಲರ ಬಳಿ ಇತ್ತು, ಅದರ ಫೋಟೋ ತರಿಸಿ ಕಳೆದದ್ದನ್ನು ತುಂಬಿಕೊಂಡರು.

ಬಫಲೋದಲ್ಲಿರುವ ನೋಟ್‌ಬುಕ್ಕುಗಳೋ, ನಮ್ಮ ಹಾಲಿನ ಲೆಕ್ಕದ ಪುಸ್ತಕಕ್ಕಿಂತ ಗಜಿಬಿಜಿ. ಎಲ್ಲೋ ಓದಿದ್ದು, ಯಾರೋ ಅಂದದ್ದು, ಒಂದೊಂದು ಪದ, ಎರಡೆರಡು ಪದ ಗೀಚಿಡುವುದು. ಅದನ್ನು ಕಾದಂಬರಿಯಲ್ಲಿ ಬಳಸಿದ ಮೇಲೆ ಕೆಂಪು, ನೀಲಿ, ಹಸಿರು ಕ್ರೇಯಾನಿನಿಂದ ಅಡ್ಡ ಹೊಡೆಯುವುದು. ಸಾಮಾನಿನ ಚೀಟಿಯಲ್ಲಿ ತಂದದ್ದಕ್ಕೆ ನಾವು ಗೀಟು ಎಳೆಯುವುದಿಲ್ಲವೇ, ಹಾಗೇ! ಕಣ್ಣು ಮಂಜಾದ ಮೇಲೆ, ಗೀಟು ಬೀಳದೆ ಉಳಿದ ಪದಗಳನ್ನೆಲ್ಲ ಶ್ರೀಮತಿ ರಾಫೆಲ್ ಎಂಬವರು ದಪ್ಪಕ್ಷರದಲ್ಲಿ ಬೇರೆ ಪುಸ್ತಕಗಳಿಗೆ ನಕಲು ಮಾಡಿಕೊಟ್ಟರು. ಅವನ ಕೈಬರಹ ಬ್ರಹ್ಮಲಿಪಿ. ಆಕೆ ಎಷ್ಟೋ ಪದಗಳನ್ನು ಬೇರೆಯಾಗಿ ಓದಿ ಬೇರೆಯಾಗಿ ಬರೆದರು. ಜಾಯ್ಸ್ ಅವುಗಳಲ್ಲಿ ಹಲವನ್ನು ಹಾಗೆಯೇ ಎತ್ತಿ ಕಾದಂಬರಿಗೆ ಸೇರಿಸಿದ! ಮೂಲ ನೋಟ್‌ಬುಕ್ಕುಗಳಲ್ಲಿ ಕೆಲವು ಈಗಿಲ್ಲ. ಅವುಗಳಲ್ಲಿ ಏನಿತ್ತೆಂದು ತಿಳಿಯಲು ವಿದ್ವಾಂಸರಿಗೆ ಉಳಿದಿರುವುದು ಈಕೆಯ ನಕಲೇ.

ಮಹಾಯುದ್ಧ ಶುರುವಾಗಿ 1939ರ ಕೊನೆಗೆ ಜಾಯ್ಸ್ ಕುಟುಂಬ ಪ್ಯಾರಿಸ್ ಬಿಟ್ಟಿತು. 1941ರ ಜನವರಿಯಲ್ಲಿ ಅವನು ಜ್ಯೂರಿಕ್‌ನಲ್ಲಿ ತೀರಿಕೊಂಡ. ಪ್ಯಾರಿಸ್ಸಿನ ಮನೆಯ ಬಾಡಿಗೆ ಬಾಕಿಯಿತ್ತು, ಮಾಲೀಕ ಸಾಮಾನನ್ನೆಲ್ಲ ಹರಾಜಿಗಿಟ್ಟ. ಪಾಲ್ ಲೆಯೋನ್ ಎಂಬ ಯೆಹೂದಿ ಗೆಳೆಯ ಮೊದಲೇ ಕೈಗಾಡಿ ತಂದು ಒಂದಷ್ಟು ಕಾಗದ ಸಾಗಿಸಿದ್ದರು, ಹರಾಜಿನಲ್ಲೂ ಕೈಯಿಂದ ದುಡ್ಡು ಹಾಕಿ ಒಂದಷ್ಟು ಬಿಡಿಸಿಕೊಂಡರು. ಊರು ಬಿಟ್ಟು ಓಡಿಹೋಗಬೇಕಾದ ಹೊತ್ತಿನಲ್ಲಿ ಇನ್ನೊಬ್ಬರ ಕಾಗದ ಕಾಯುವುದೆಂದರೇನು! ಅದೇ ವರ್ಷ ಅವರ ಸೆರೆಯಾಯಿತು. 1942ರಲ್ಲಿ ನಾಜಿಗಳ ಶಿಬಿರದಲ್ಲಿ ಪ್ರಾಣ ಹೋಯಿತು. ಕಾಗದಗಳು ಉಳಿದವು.

ಇನ್ನು ಹೆಂಡತಿ ನೋರಾ. ಡಬ್ಲಿನ್ನಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಹುಡುಗಿ, 1904ರಲ್ಲಿ ಇವನನ್ನು ನಂಬಿ ದೇಶ ಬಿಟ್ಟಳು. ಸಂಸಾರಿಯಾಗಿ ಜಾಯ್ಸನಿಗೆ ನಾನು ಹೆಚ್ಚು ಅಂಕ ಕೊಡಲಾರೆ. ಸಾಲ, ಕುಡಿತ, ವರ್ಷಕ್ಕೊಂದು ಮನೆ. ಎಲ್ಲ ತೂಗಿಸಿದವಳು ಇವಳು. ವಿಧವೆಯಾದ ಮೇಲೆ ಕೈ ಖಾಲಿ. ಮನೆಯವರಿಗೆ ನೆರವಾಗಲೆಂದೇ 1949ರಲ್ಲಿ ಪ್ಯಾರಿಸ್ಸಿನಲ್ಲಿ ಆ ಕಾಗದಗಳ ಪ್ರದರ್ಶನ ನಡೆಯಿತು. ಬಫಲೋದ ಮಾರ್ಗರೆಟ್ಟಾ ವಿಕ್ಸರ್ ಎಂಬ ಮಹಿಳೆ ತಮ್ಮ ಗಂಡನ ನೆನಪಿಗೆ ಹಣ ಕೊಟ್ಟರು. 1950ರಲ್ಲಿ ವಿಶ್ವವಿದ್ಯಾಲಯ ಕೊಂಡುಕೊಂಡಿತು.

ಗಂಡನ ಶವವನ್ನು ಐರ್ಲೆಂಡಿಗೆ ತರಬೇಕೆಂಬುದು ನೋರಾಳ ಆಸೆ. ಸರ್ಕಾರ ಕೈಯಾಡಿಸಿಬಿಟ್ಟಿತು. ಹೀಗಿರುವಾಗ ಜಾಯ್ಸನಿಗೆ ವರ್ಷಗಟ್ಟಲೆ ಹಣ ಕೊಟ್ಟು ಸಲಹಿದ ಹ್ಯಾರಿಯೆಟ್ ವೀವರ್ ಎಂಬವರು, ತಮ್ಮ ಬಳಿಯಿದ್ದ ‘ಫಿನೆಗನ್ಸ್ ವೇಕ್’ ಹಸ್ತಪ್ರತಿಯನ್ನು ಡಬ್ಲಿನ್ನಿನ ಗ್ರಂಥಾಲಯಕ್ಕೆ ಕೊಡೋಣವೆಂದರು. ನೋರಾ ಒಪ್ಪಲಿಲ್ಲ. ಅವನು ಬೇಡವಾದ ಊರಿಗೆ ಅವನ ಕಾಗದ ಯಾಕೆ? ಹಸ್ತಪ್ರತಿ 1951ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋಯಿತು. ಭೇಷ್ ಅನ್ನಿಸಿತು ನನಗೆ.

ಆದರೆ ಎಲ್ಲದರಲ್ಲೂ ಅವಳ ಮಾತು ನಡೆಯಲಿಲ್ಲ. 1909ರಲ್ಲಿ ಊರಿಗೆ ಹೋಗಿದ್ದಾಗ ಗಂಡ ಅವಳಿಗೆ ಬರೆದ ತೀರಾ ಖಾಸಗಿ ಪತ್ರಗಳು ಮೈದುನನ ಮನೆಯಲ್ಲಿ ಉಳಿದುಬಿಟ್ಟಿದ್ದವು. ಮೈದುನ ಸತ್ತ ಮೇಲೆ, 1957ರಲ್ಲಿ, ಅವು ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದವು. 1975ರಲ್ಲಿ ಮುಚ್ಚುಮರೆಯಿಲ್ಲದೆ ಅಚ್ಚಾದವು. ನೋರಾ 1951ರಲ್ಲೇ ಕಣ್ಮುಚ್ಚಿದ್ದಳು. ವಿದ್ವಾಂಸರಿಗೆ ಅದು ನಿಧಿಯಿರಬಹುದು. ಗಂಡಹೆಂಡಿರ ಕೋಣೆಯ ಮಾತನ್ನು ಓದುವ ಹಕ್ಕು ನಮಗಿದೆಯೇ ಅಂದರೆ, ನನ್ನ ಮಟ್ಟಿಗೆ ಇಲ್ಲ.

ಹಾಗಾಗಿ ನಿಮ್ಮ ಟ್ರಂಕಿನಲ್ಲಿ ಯಾವುದು ಇರಬೇಕು, ಯಾವುದು ಹೋಗಬೇಕು ಅನ್ನುವುದನ್ನು ನೀವು ಇರುವಾಗ ನೀವೇ ತೀರ್ಮಾನಿಸಿ. ಇಡುವುದನ್ನು ನೆಟ್ಟಗೆ ಇಡಿ. ಗುಂಡುಪಿನ್ನು, ಕ್ಲಿಪ್ಪು ತೆಗೆದುಬಿಡಿ, ತುಕ್ಕು ಕಾಗದವನ್ನು ತಿನ್ನುತ್ತದೆ. ರಬ್ಬರ್‌ಬ್ಯಾಂಡು ಕರಗಿ ಅಂಟಿಕೊಳ್ಳುತ್ತದೆ. ಹರಿದಲ್ಲಿ ಸೆಲ್ಲೋಟೇಪು ಬೇಡವೇ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಲ್ಲುತ್ತದೆ, ಒಗೆದು ಒಣಗಿಸಿದ ಹಳೇ ಹತ್ತಿ ಸೀರೆಯ ತುಂಡೇ ವಾಸಿ. ಟ್ರಂಕನ್ನು ನೆಲಕ್ಕೆ, ತೇವದ ಗೋಡೆಗೆ ತಾಗಿಸಬೇಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು ನೆರಳಲ್ಲಿ ಗಾಳಿಯಾಡಿಸಿ, ಬಿಸಿಲಿಗಿಟ್ಟರೆ ಶಾಯಿ ಮಾಸುತ್ತದೆ. ಫೋಟೋ ಹಿಂದೆ ಯಾರು, ಯಾವ ಊರು, ಯಾವ ವರ್ಷ ಎಂದು ಮೆತ್ತನೆ ಪೆನ್ಸಿಲಿನಲ್ಲಿ ಒತ್ತದೆ ಬರೆಯಿರಿ. ಅತ್ತೆಯವರ ಉಪ್ಪಿನಕಾಯಿ ಅಳತೆಯ ಚೀಟಿಯಿದ್ದರೆ ಅದನ್ನೂ ಇದರೊಳಗೇ ಸೇರಿಸಿ.