ಹಸಿರು ವಲಯದ ಹಸಿವು

2020ನೆಯ ಇಸವಿಯ ಏಪ್ರಿಲ್ ತಿಂಗಳ ಕೊನೆಯಲ್ಲಿ ಕೇಂದ್ರ ಸರ್ಕಾರವು ದೇಶದ ಜಿಲ್ಲೆಗಳನ್ನೆಲ್ಲ ಕೆಂಪು, ಕಿತ್ತಳೆ, ಹಸಿರು ಎಂಬ ಮೂರು ವಲಯಗಳನ್ನಾಗಿ ವಿಂಗಡಿಸಿ ಪಟ್ಟಿಯನ್ನು ಹೊರಡಿಸಿದಾಗ ಕೊಪ್ಪಳ ಜಿಲ್ಲೆಗೆ ಹಸಿರು ವರ್ಣವು ಪ್ರಾಪ್ತವಾಯಿತು. ಕೊರೊನಾ ವಿಷಾಣುವಿನಿಂದ ಪೀಡಿತನಾದ ರೋಗಿಯೊಬ್ಬನೂ ಆಗ ಜಿಲ್ಲೆಯಲ್ಲಿರಲಿಲ್ಲ. ಮೇ ತಿಂಗಳ ಮಧ್ಯಭಾಗದವರೆಗೂ ಆ ಸ್ಥಿತಿಯು ಹಾಗೆಯೇ ಇದ್ದಿತು. ಆದರೆ ರೋಗಿಯಿಲ್ಲದ ಈ ಜಿಲ್ಲೆಯಲ್ಲಿ ಮಾರ್ಚ್ 25ರಿಂದಲೇ ಅಂಗಡಿಗಳು ಮುಚ್ಚಿದ್ದವು, ಸಂತೆಗಳು ನಿಂತಿದ್ದವು, ಬಸ್ಸುಗಳು ಡಿಪೋ ಸೇರಿದ್ದವು, ದಿನಗೂಲಿಯವನ ಕೈ ಬರಿದಾಗಿದ್ದಿತು. ವ್ಯಾಧಿಯು ಬರುವುದಕ್ಕೆ ಸುಮಾರು ಏಳು ವಾರಗಳಷ್ಟು ಮುಂಚಿತವಾಗಿಯೇ ವ್ಯಾಧಿಯ ಫಲವು ಬಂದು ಮನೆಯೊಳಗೆ ಕುಳಿತಿದ್ದ ಈ ವೈಪರೀತ್ಯವನ್ನು ಗ್ರಹಿಸದೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಜನಜೀವನಕ್ಕೆ ಆ ಎರಡು ವರ್ಷಗಳಲ್ಲಿ ಏನಾಯಿತೆಂಬುದನ್ನು ಹೇಳಲಾಗದು. ಸೋಂಕಿತರೆಷ್ಟು, ಗುಣಮುಖರೆಷ್ಟು, ಮೃತರೆಷ್ಟು ಎಂದು ಪ್ರತಿ ಸಂಜೆ ಪ್ರಕಟವಾಗುತ್ತಿದ್ದ ಲೆಕ್ಕದಲ್ಲಿ ಈ ಸೀಮೆಯ ನಿಜವಾದ ನಷ್ಟವು ನಮೂದಾಗಲೇ ಇಲ್ಲವೆಂಬುದು ನನ್ನ ವಾದ. ನಮೂದಾಗದಿದ್ದುದಕ್ಕೆ ಕಾರಣವೆಂದರೆ, ಇಲ್ಲಿಯ ಜೀವನೋಪಾಯದ ಬಹುದೊಡ್ಡ ಪಾಲು ಜಿಲ್ಲೆಯ ಗಡಿಯಿಂದಾಚೆ ಇದ್ದುದು.

1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜನ್ಮತಾಳಿದ ಈ ಜಿಲ್ಲೆಯು ಆಡಳಿತದ ದೃಷ್ಟಿಯಿಂದ ಒಂದಾದರೂ ದುಡಿಮೆಯ ದೃಷ್ಟಿಯಿಂದ ಎರಡು. ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿನಿಂದ ಹೊರಟ ಎಡದಂಡೆ ಕಾಲುವೆಯು ಗಂಗಾವತಿ, ಕಾರಟಗಿಗಳ ಭೂಮಿಯನ್ನು ತೋಯಿಸಿ, ಅದನ್ನು ವರ್ಷಕ್ಕೆರಡು ಬೆಳೆಯ ಭತ್ತದ ಕಣಜವನ್ನಾಗಿ ಮಾಡಿ, ಅಲ್ಲಿ ಅಕ್ಕಿ ಗಿರಣಿಗಳ ಸಾಲನ್ನೇ ನಿಲ್ಲಿಸಿತು. ಕುಷ್ಟಗಿ ಯಲಬುರ್ಗಾಗಳ ಮಸಾರಿ ಮತ್ತು ಎರೆ ಭೂಮಿಗಳೋ, ಸಜ್ಜೆ, ಜೋಳ, ಕಡಲೆ, ತೊಗರಿಗಳ ನಿಮಿತ್ತ ಮುಗಿಲನ್ನೇ ನೋಡುತ್ತ ಉಳಿದವು. ಒಂದು ಭಾಗಕ್ಕೆ ಹೊರಗಿನಿಂದ ಕೈಗಳು ಬರಬೇಕು, ಇನ್ನೊಂದು ಭಾಗದಿಂದ ಕೈಗಳು ಹೊರಗೆ ಹೋಗಬೇಕು. ಸುಗ್ಗಿ ಮುಗಿದೊಡನೆ ಗಂಡಹೆಂಡಿರು ಗಂಟು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡಗಳಿಗೆ, ಮಂಗಳೂರು ಉಡುಪಿಗಳ ಕಾಮಗಾರಿಗಳಿಗೆ, ಗೋವೆಗೆ ಗುಳೆ ಹೊರಡುವರು. ವೃದ್ಧರೂ ಶಾಲೆಗೆ ಹೋಗುವ ಮಕ್ಕಳೂ ಊರಲ್ಲಿ ಉಳಿಯುವರು. ಕೇಳಿದವರಿಗೆ ಆ ವೃದ್ಧರು "ದುಡಿಯಾಕ ಹೋಗ್ಯಾರ" ಎಂದಷ್ಟೇ ಉತ್ತರಿಸುವರು. ತಿಂಗಳಿಗೊಮ್ಮೆ ಬರುವ ಹಣದಿಂದಲೇ ಔಷಧಿ, ಸಂಘದ ಕಂತು, ಬೀಜ ಗೊಬ್ಬರ, ಮದುವೆಯ ಸಾಲದ ಬಡ್ಡಿ ಎಲ್ಲವೂ ನಡೆಯಬೇಕು. ಇಂತಹ ಕುಟುಂಬವು ವಸ್ತುತಃ ನಾಲ್ಕುನೂರು ಕಿಲೋಮೀಟರುಗಳ ಅಂತರದಲ್ಲಿ ಎರಡು ಒಲೆಗಳನ್ನು ಉರಿಸುವ ಒಂದೇ ಸಂಸಾರ.

ಗುಳೆ ಹೋದವರು ಮರಳುವ ಪರ್ವಕಾಲಗಳಲ್ಲಿ ಯುಗಾದಿಯೂ ಒಂದು. ಆ ವರ್ಷದ ಯುಗಾದಿಯು ಬಂದುದು ಮಾರ್ಚ್ 25ರಂದೇ, ಎಂದರೆ ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನದಂದೇ. ಹಿಂದಿನ ರಾತ್ರಿ ಎಂಟು ಗಂಟೆಗೆ ಘೋಷಣೆ, ನಡುರಾತ್ರಿಯಿಂದ ಜಾರಿ. ನಡುವೆ ದೊರೆತ ಅವಕಾಶ ನಾಲ್ಕು ಗಂಟೆ. ಹಬ್ಬಕ್ಕೆ ಒಂದೆರಡು ದಿನ ಮುಂಚೆ ಹೊರಟವರು ಊರು ಸೇರಿದರು. ಬಟವಾಡೆಗಾಗಿ ಕಾಯುತ್ತ ಉಳಿದವರು ಅಪೂರ್ಣ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಸಿಕ್ಕಿಬಿದ್ದರು. ಅವರ ಪಡಿತರ ಚೀಟಿ ಇದ್ದುದು ಊರಿನ ನ್ಯಾಯಬೆಲೆ ಅಂಗಡಿಯಲ್ಲಿ. ಹಸಿವು ಇದ್ದುದು ಬೆಂಗಳೂರಿನಲ್ಲಿ. ಮೇ ತಿಂಗಳ ಮೊದಲ ವಾರದಲ್ಲಿ ಸರ್ಕಾರವು ಉಚಿತ ಬಸ್ಸುಗಳನ್ನು ಬಿಡುವವರೆಗೆ, ನಡೆದೋ, ತರಕಾರಿ ಲಾರಿಯ ಮೇಲೆ ಕುಳಿತೋ ಬಂದವರ ಸಂಖ್ಯೆಯನ್ನು ಬರೆದಿಟ್ಟವರಾರೂ ಇಲ್ಲ. ಹೀಗೆ ಬಂದವರನ್ನು ಎಷ್ಟೋ ಹಳ್ಳಿಗಳು ದಾರಿಗೆ ಮುಳ್ಳುಕಂಟಿ ಹಚ್ಚಿ ಎದುರ್ಗೊಂಡವು. ಆವರೆಗೆ ಮನೆಗೆ ಹಣ ಕಳಿಸುತ್ತಿದ್ದ ಮಗನೇ ಈಗ ಊರಿಗೆ ರೋಗ ತರುವ ಆಗಂತುಕನಾಗಿ ತೋರಿದನು. ಹಳ್ಳಿಯವರ ಈ ಭೀತಿಯನ್ನು ನಿಂದಿಸುವುದು ಸುಲಭ. ಆದರೆ ಸಂಜೆಯ ಪ್ರಕಟಣೆಗಳಲ್ಲಿ ಪ್ರತಿಯೊಬ್ಬ ಸೋಂಕಿತನ ಮುಂದೆಯೂ ಅವನು ಎಲ್ಲಿಂದ ಬಂದನೆಂಬುದನ್ನು ಬರೆದು ಪ್ರಚುರಪಡಿಸಿದ ಸರ್ಕಾರಕ್ಕೂ ಅದರಲ್ಲಿ ಪಾಲುಂಟು.

ಗುಳೆಯವನಿಗೆ ನಷ್ಟವಾದುದು ಎರಡು ತಿಂಗಳ ಕೂಲಿ ಮಾತ್ರವೆಂದು ಭಾವಿಸತಕ್ಕದ್ದಲ್ಲ. ಮೇಸ್ತ್ರಿಯಿಂದ ಮುಂಗಡವನ್ನು ಪಡೆದು, ಅದನ್ನು ಮನೆಯಲ್ಲಿ ಖರ್ಚುಮಾಡಿ, ಆಮೇಲೆ ದುಡಿದು ತೀರಿಸುವ ಪದ್ಧತಿಯಿರುವಲ್ಲಿ, ದುಡಿಮೆ ನಿಂತರೂ ಋಣವು ನಿಲ್ಲುವುದಿಲ್ಲ. ಮಾರ್ಚ್ 27ರಂದು ರಿಸರ್ವ್ ಬ್ಯಾಂಕು ಸಾಲದ ಕಂತುಗಳಿಗೆ ಮೂರು ತಿಂಗಳ ವಿರಾಮವನ್ನು ಘೋಷಿಸಿ, ಮುಂದೆ ಅದನ್ನು ಆಗಸ್ಟ್ ಅಂತ್ಯದವರೆಗೆ ವಿಸ್ತರಿಸಿತಾದರೂ, ಆ ಅವಧಿಯ ಬಡ್ಡಿಯು ಬೆಳೆಯುತ್ತಲೇ ಇದ್ದಿತು. ಮೇಸ್ತ್ರಿಯ ಮುಂಗಡಕ್ಕೂ ಊರಿನ ಕೈಸಾಲಕ್ಕೂ ಆ ವಿರಾಮವು ಅನ್ವಯಿಸುತ್ತಲೂ ಇರಲಿಲ್ಲ.

ಇತ್ತ ಗಂಗಾವತಿಯಲ್ಲಿ ಅದೇ ಕಾಲಕ್ಕೆ ಬೇಸಿಗೆಯ ಭತ್ತವು ತೆನೆಬಾಗಿ ಕಟಾವಿಗೆ ನಿಂತಿದ್ದಿತು. ಏಪ್ರಿಲ್ ಆರಂಭದಲ್ಲಿ ಬಿದ್ದ ಆಲಿಕಲ್ಲು ಮಳೆಯು ಕೆಲವೆಡೆ ಬೆಳೆಯನ್ನು ನೆಲಕ್ಕೊರಗಿಸಿತು. ಉಳಿದುದನ್ನು ಕೊಯ್ಯಲು ಯಂತ್ರ ಬೇಕು, ಯಂತ್ರಕ್ಕೆ ಹೊರರಾಜ್ಯದ ಚಾಲಕ ಬೇಕು, ಗಿರಣಿಯಲ್ಲಿ ಚೀಲ ಹೊರಲು ಹಮಾಲರು ಬೇಕು, ಅಕ್ಕಿಯನ್ನು ಸಾಗಿಸಲು ಲಾರಿ ಬೇಕು. ಕೃಷಿಕಾರ್ಯಕ್ಕೆ ವಿನಾಯಿತಿಯುಂಟೆಂದು ಸರ್ಕಾರವೇನೋ ಶೀಘ್ರವಾಗಿಯೇ ಆಜ್ಞೆ ಮಾಡಿತು. ಆದರೆ ಯಂತ್ರದ ಪಟ್ಟಿ ಹರಿದರೆ ಹೊಸ ಪಟ್ಟಿಯನ್ನು ಮಾರುವ ಅಂಗಡಿ, ಲಾರಿಯ ಗಾಲಿ ಕೆಟ್ಟರೆ ಪಂಕ್ಚರ್ ಹಾಕುವವನು, ಹೆದ್ದಾರಿಯಲ್ಲಿ ಚಾಲಕನಿಗೆ ಊಟ ಹಾಕುವ ಢಾಬಾ, ಇವಾವುವೂ ಕೃಷಿಯೆಂಬ ಶಿರೋನಾಮೆಯ ಕೆಳಗೆ ಬರುವುದಿಲ್ಲವಾದ್ದರಿಂದ, ಕಾಗದದ ಮೇಲೆ ದೊರೆತ ಸ್ವಾತಂತ್ರ್ಯವು ಗದ್ದೆಯವರೆಗೆ ತಲುಪುವಷ್ಟರಲ್ಲಿ ಬಹಳ ಸಣ್ಣದಾಗಿಬಿಟ್ಟಿತು. ಅಗತ್ಯ ಉದ್ಯೋಗ, ಅನಗತ್ಯ ಉದ್ಯೋಗ ಎಂಬ ವಿಭಾಗವನ್ನು ರಾಜಧಾನಿಯಲ್ಲಿ ಕುಳಿತು ಮಾಡಬಹುದು. ಕಾರಟಗಿಯ ರಸ್ತೆಯ ಬದಿಯಲ್ಲಿ ನಿಂತು ಮಾಡುವುದು ಕಷ್ಟ.

ಅದಾಗ್ಯೂ ಗಂಗಾವತಿಯು ತಕ್ಕಮಟ್ಟಿಗೆ ಪಾರಾಯಿತು. ಅಕ್ಕಿಯು ಯಾವ ವಿಪತ್ತಿನಲ್ಲಿಯೂ ಬೇಕಾದ ಪದಾರ್ಥ, ಮೂಟೆಯಲ್ಲಿಟ್ಟರೆ ತಿಂಗಳುಗಟ್ಟಲೆ ಕಾಯುವ ಪದಾರ್ಥ. ಕಾಯಲಾರದ ಕಲ್ಲಂಗಡಿ, ಪಪ್ಪಾಯಿ, ದಾಳಿಂಬೆ, ಹೂವುಗಳನ್ನು ಬೆಳೆದವರ ಕಥೆ ಬೇರೆ; ಹೂವು ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿಗಳ ಪರಿಹಾರವನ್ನು ರಾಜ್ಯ ಸರ್ಕಾರವು ಮೇ 6ರಂದು ಘೋಷಿಸಿತು. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ದೇಶದ ಒಟ್ಟು ಉತ್ಪನ್ನವು ಪ್ರಥಮ ಅಂದಾಜಿನಂತೆ ಶೇಕಡ 23.9ರಷ್ಟು ಕುಸಿದಾಗ, ಕೃಷಿಯೊಂದೇ ಶೇಕಡ 3.4ರಷ್ಟು ವೃದ್ಧಿಹೊಂದಿತೆಂದು ಅರ್ಥಶಾಸ್ತ್ರಜ್ಞರು ಸಮಾಧಾನಪಟ್ಟುಕೊಂಡರು. ನೀರಾವರಿಯ ನಾಡಿಗೆ ಈ ಸಮಾಧಾನವು ಸಲ್ಲುತ್ತದೆ. ಹೊಲವಿದ್ದರೂ ಹೊಲದಿಂದ ಬದುಕದೆ, ಪರಸ್ಥಳದ ಕಾಂಕ್ರೀಟಿನಿಂದ ಬದುಕುವ ಯಲಬುರ್ಗಾದ ರೈತನನ್ನು ಆ ಅಂಕಿಗಳು ಯಾವ ಪಂಕ್ತಿಯಲ್ಲಿ ಕೂಡಿಸಿದವು?

ಕೊಪ್ಪಳ ಪಟ್ಟಣಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ವೃತ್ತಿಯನ್ನು ನೋಡಿದರೆ ವಿಷಾಣುವಿನ ಹಸ್ತವು ಎಷ್ಟು ದೂರದಿಂದ ಚಾಚಿ ಬರುವುದೆಂಬುದು ವಿದಿತವಾಗುತ್ತದೆ. ಅಲ್ಲಿ ಮಗ್ಗಗಳೂ ಉಂಟು, ಕೂದಲಿನ ಉದ್ಯಮವೂ ಉಂಟು. ಬಾಚಣಿಗೆಗೆ ಸಿಕ್ಕಿ ಉದುರುವ ಕೂದಲನ್ನು ಊರೂರು ತಿರುಗುವವರು ಪಾತ್ರೆ, ಪಿನ್ನು, ಪುಗ್ಗೆಗಳಿಗೆ ಬದಲಾಗಿ ಕೊಂಡು ತರುವರು. ಹೆಂಗಸರು ಅದರ ಸಿಕ್ಕು ಬಿಡಿಸಿ, ಉದ್ದವನ್ನು ನೋಡಿ ವಿಂಗಡಿಸಿ, ಜುಟ್ಟು ಕಟ್ಟುವರು. ಆಮೇಲೆ ಅದು ಬಹುಮಟ್ಟಿಗೆ ಚೀನಾದ ಮಾರುಕಟ್ಟೆಗೆ ಹೋಗುವುದು. ಲೋಕದ ಕೃತಕ ಕೇಶದ ರಾಜಧಾನಿಯೆನಿಸಿದ ಶುಚಾಂಗ್ ಇರುವುದು ಹೆನಾನ್ ಪ್ರಾಂತದಲ್ಲಿ. ರೋಗವು ಮೊದಲು ಕಾಣಿಸಿಕೊಂಡ ವುಹಾನ್ ಇರುವುದು ಅದಕ್ಕೆ ತಾಗಿದ ಹುಬೇ ಪ್ರಾಂತದಲ್ಲಿ. ವುಹಾನ್ ನಗರವನ್ನು ಮುಚ್ಚಿದ್ದು 2020ರ ಜನವರಿ 23ರಂದು. ಆಗಲೇ ಭಾಗ್ಯನಗರದ ಸರಕಿಗೆ ಗ್ರಾಹಕನ ಬಾಗಿಲು ಸಂಶಯಕ್ಕೊಳಗಾಯಿತು. ಮಾರ್ಚಿನಲ್ಲಿ ಊರೂರು ತಿರುಗುವವನ ಕಾಲೂ ನಿಂತು, ಕಚ್ಚಾಮಾಲಿನ ಬಾಗಿಲೂ ಮುಚ್ಚಿತು. ಮನೆಯ ಜಗುಲಿಯ ಮೇಲೆ ಕುಳಿತು ಕೂದಲು ಬಿಡಿಸುವ ಹೆಂಗಸು ಕಾರ್ಖಾನೆಯ ನೌಕರಳಲ್ಲ, ನೋಂದಾಯಿತ ಕುಶಲಕರ್ಮಿಯೂ ಅಲ್ಲ. ಮೇ 6ರ 1,610 ಕೋಟಿ ರೂಪಾಯಿಗಳ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಅಗಸರಿಗೆ, ಆಟೋ ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಕೈಮಗ್ಗದ ನೇಕಾರರಿಗೆ 2,000 ರೂಪಾಯಿ ದೊರೆಯಿತು. ಕೂದಲು ಕತ್ತರಿಸುವವನನ್ನು ಗುರುತಿಸಿದ ಸರ್ಕಾರಕ್ಕೆ ಕೂದಲು ಬಿಡಿಸುವವಳು ಕಾಣಿಸಲಿಲ್ಲ.

ಹುಲಿಗೆಮ್ಮನ ಸನ್ನಿಧಿಯಲ್ಲಿ ಕಾಯಿ ಕರ್ಪೂರ ಮಾರುವವರು, ಆನೆಗೊಂದಿಯಲ್ಲಿ ಪ್ರವಾಸಿಗಳನ್ನು ನೆಚ್ಚಿದವರು, ಕಿನ್ನಾಳದ ಚಿತ್ರಗಾರರು, ಇವರ ಕಷ್ಟವನ್ನು ಬೇರೆ ಬೇರೆಯಾಗಿ ವಿವರಿಸಬೇಕಾದುದಿಲ್ಲ. ಜನ ಸೇರಿದಲ್ಲಿ ಮಾತ್ರ ನಡೆಯುವ ವ್ಯಾಪಾರವು ಜನ ಸೇರಬಾರದೆಂಬ ಆಜ್ಞೆಯಾದೊಡನೆ ಸಹಜವಾಗಿಯೇ ನಿಂತಿತು. ಲಕ್ಷಾಂತರ ಜನ ನೆರೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯೂ 2021, 2022ರಲ್ಲಿ ಸರಳವಾಗಿಯೇ ನಡೆಯಿತು.

ಈ ನೆಲಕ್ಕೆ ಮಹಾವ್ಯಾಧಿಯು ಹೊಸದಲ್ಲ. 1918ರ ಜೂನಿನಲ್ಲಿ ಮುಂಬಯಿಗೆ ಹಡಗಿನಲ್ಲಿ ಬಂದಿಳಿದ ಇನ್‌ಫ್ಲುಯೆಂಜಾ ಜ್ವರವು, ರೈಲು ಹೋದಲ್ಲೆಲ್ಲ ತಾನೂ ಹೋಯಿತು. ಹುಬ್ಬಳ್ಳಿಯಿಂದ ಗುಂತಕಲ್ಲಿಗೆ ಹೋಗುವ ರೈಲುದಾರಿಯು ಕೊಪ್ಪಳದ ಮೇಲೆಯೇ ಹಾಯ್ದಿದೆ. ಆಗ ಈ ಸೀಮೆಯು ನಿಜಾಮರ ರಾಜ್ಯಕ್ಕೆ ಸೇರಿದ್ದಿತು, ಕೊಪ್ಪಳವು ಸಾಲಾರ್ ಜಂಗರ ಜಹಗೀರಾಗಿದ್ದಿತು. 1911ರಲ್ಲಿ 1 ಕೋಟಿ 33 ಲಕ್ಷಕ್ಕೆ ಮಿಕ್ಕಿದ್ದ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆಯು 1921ರ ಗಣತಿಯಲ್ಲಿ 1 ಕೋಟಿ 25 ಲಕ್ಷಕ್ಕಿಂತ ಕೆಳಗಿಳಿದುದಕ್ಕೆ ಆ ಜ್ವರವೂ, 1918ರಲ್ಲಿಯೇ ಮುಂಗಾರು ಕೈಕೊಟ್ಟುದೂ ಮುಖ್ಯ ಕಾರಣಗಳು. ಆ ವ್ಯಾಧಿಯು ದುಡಿಯುವ ವಯಸ್ಸಿನವರನ್ನೇ ವಿಶೇಷವಾಗಿ ಒಯ್ದಿತು. ದುಡಿಮೆ ನಿಂತುದು ದುಡಿಯುವವನೇ ಇಲ್ಲವಾದುದರಿಂದ. ನೂರು ವರ್ಷಗಳ ತರುವಾಯ ದುಡಿಯುವವನು ಗಟ್ಟಿಮುಟ್ಟಾಗಿಯೇ ಇದ್ದಾಗ ದುಡಿಮೆಯು ನಿಂತಿತು. ಪ್ರಾಣರಕ್ಷಣೆಗಾಗಿ ಅದು ಅವಶ್ಯವಾಗಿದ್ದಿತೆಂದು ಒಪ್ಪಿದರೂ, ಅದರ ಬೆಲೆಯನ್ನು ಯಾರು ತೆತ್ತರೆಂದು ಕೇಳುವ ಅಧಿಕಾರವು ನಮಗುಂಟು.

2020ರಲ್ಲಿ ಊರಿಗೆ ಮರಳಿದವರ ಕೈ ಹಿಡಿದುದು ಉದ್ಯೋಗ ಖಾತರಿ ಯೋಜನೆ. ಬದು ಹಾಕುವುದು, ಕೃಷಿಹೊಂಡ ತೋಡುವುದು, ಕೆರೆಯ ಹೂಳೆತ್ತುವುದು ಇವುಗಳಿಗೆ ದಿನಕ್ಕೆ 275 ರೂಪಾಯಿ. ನಗರದ ಕೂಲಿಗೆ ಹೋಲಿಸಿದರೆ ಅಲ್ಪವೇ ಆದರೂ, ಆ ಬೇಸಿಗೆಯಲ್ಲಿ ಹಳ್ಳಿಗಳಿಗೆ ನಗದು ತಂದ ಮುಖ್ಯ ದಾರಿ ಅದು. ಅದರ ಮಿತಿಯನ್ನೂ ಹೇಳಬೇಕು: ಆಗ ನೂರು ದಿನಗಳ ಕೆಲಸವಿದ್ದುದು ಕುಟುಂಬಕ್ಕೇ ಹೊರತು ವ್ಯಕ್ತಿಗಲ್ಲ. ಎಂದಿನ ಬೇಸಿಗೆಯಲ್ಲಿ ಊರಲ್ಲುಳಿದ ಒಬ್ಬಿಬ್ಬರಿಗೆ ಸಾಲುತ್ತಿದ್ದ ನೂರು ದಿನಗಳು, ಮಕ್ಕಳೂ ಸೊಸೆಯಂದಿರೂ ಒಮ್ಮೆಲೇ ಮರಳಿದ ಮನೆಯಲ್ಲಿ ನಾಲ್ಕೈದು ಪಾಲಾದವು.

2021ರ ಬೇಸಿಗೆಯಲ್ಲಿ ಕ್ರಮವು ತಿರುವುಮುರುವಾಯಿತು. ಈ ಸಲ ರೋಗವೇ ಹಳ್ಳಿಯೊಳಗೆ ಬಂದಿತು. ಹಾಸಿಗೆ, ಆಮ್ಲಜನಕ ಎಂಬ ಶಬ್ದಗಳು ಮನೆಮಾತಾದವು. ಕೊಪ್ಪಳದ ಗವಿಮಠವು ನೂರು ಹಾಸಿಗೆಗಳ ಚಿಕಿತ್ಸಾಲಯವನ್ನು ತೆರೆಯಿತು. ಮೇ 19ರಂದು ಪ್ರಕಟವಾದ ರಾಜ್ಯದ ಪರಿಹಾರದ ಮೊತ್ತ 1,250 ಕೋಟಿ ರೂಪಾಯಿ, ಅಸಂಘಟಿತ ಕಾರ್ಮಿಕನಿಗೆ 2,000 ರೂಪಾಯಿ. ವ್ಯಾಧಿಯು ಉಗ್ರತರವಾದ ವರ್ಷದಲ್ಲಿ ಔದಾರ್ಯವು ಹಿಂದಿನ ವರ್ಷಕ್ಕಿಂತ ಕೃಶವಾಗಿದ್ದಿತು. ಮಕ್ಕಳ ವಿಷಯದಲ್ಲಾದ ಹಾನಿಯಂತೂ ಹಣದಿಂದ ಅಳೆಯತಕ್ಕದ್ದಲ್ಲ. ಒಂದರಿಂದ ಐದನೆಯ ತರಗತಿಯವರಿಗೆ 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಯು ತೆರೆದುದು 2021ರ ಅಕ್ಟೋಬರ್ 25ರಂದು. ಅಕ್ಷರ ಕಲಿಯುವ ವಯಸ್ಸಿನಲ್ಲಿ ಒಂದೂವರೆ ವರ್ಷಕ್ಕೂ ಮಿಕ್ಕಿದ ಅಂತರ! 2020ರ ಆಗಸ್ಟಿನಲ್ಲಿ ಗುಡಿಯ ಕಟ್ಟೆಗಳ ಮೇಲೆ ಪಾಠ ಹೇಳಲು ಆರಂಭವಾದ ವಿದ್ಯಾಗಮ ಯೋಜನೆಯೂ ಅದೇ ವರ್ಷದ ಅಕ್ಟೋಬರಿನಲ್ಲಿ ನಿಂತಿತು. ಮನೆಯಲ್ಲಿ ಒಂದೇ ಫೋನು, ಅದೂ ದುಡಿಯುವವನ ಜೇಬಿನಲ್ಲಿ; ಹೀಗಿರುವಲ್ಲಿ ಆನ್‌ಲೈನ್ ಪಾಠವು ಮಗುವಿಗೆ ತಲುಪುವುದೆಂತು? ಶಾಲೆಯಿಂದ ಹೊರಗುಳಿದ ಹುಡುಗನು ಕೂಲಿಗೆ ಹೋದನು, ಹುಡುಗಿಯ ಮದುವೆಯ ಮಾತು ಬೇಗನೆ ಎದ್ದಿತು. ಸಾಲವೂ ಬಿಡುವೂ ಒಟ್ಟಿಗೆ ಬಂದ ಮನೆಗಳಲ್ಲಿ ಹೀಗಾಗುವುದೆಂಬುದು ಈ ಸೀಮೆಯ ಶಿಕ್ಷಕರಿಗೆ ಹೊಸ ವಿಷಯವೇನಲ್ಲ.

ಇಷ್ಟೆಲ್ಲದರ ತರುವಾಯವೂ ಗುಳೆ ಹೋಗುವವನು ಕಾನೂನಿನ ಕಣ್ಣಿಗೆ ಅದೃಶ್ಯನಾಗಿಯೇ ಇದ್ದಾನೆ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು ರಾಜ್ಯದ ಗಡಿ ದಾಟಿದವನನ್ನು ಮಾತ್ರ ವಲಸಿಗನೆಂದು ಬಗೆಯಿತು. 2020ರ ಕಾರ್ಮಿಕ ಸಂಹಿತೆಯೂ ಆ ಗೆರೆಯನ್ನು ಅಳಿಸಲಿಲ್ಲ. ಕುಷ್ಟಗಿಯಿಂದ ಗೋವೆಗೆ ಹೋದವನಾದರೆ ವಲಸೆ ಕಾರ್ಮಿಕ. ಅವನ ತಮ್ಮನು ಅದಕ್ಕಿಂತ ದೂರವಾದ ಬೆಂಗಳೂರಿಗೆ ಹೋದರೆ ಏನೂ ಅಲ್ಲ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಯಾಗಬೇಕಾದರೆ ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದುದಕ್ಕೆ ಪ್ರಮಾಣ ಬೇಕು. ಮೂರು ಮೇಸ್ತ್ರಿಗಳ ಕೈಕೆಳಗೆ ಮೂರು ಕಡೆ ದುಡಿದವನಿಗೆ ಆ ಪ್ರಮಾಣಪತ್ರವನ್ನು ಕೊಡುವವರಾರು?

ಮಾಡಬೇಕಾದುದು ಮಹಾಕಾರ್ಯವೇನಲ್ಲ. ಪ್ರತಿ ಗ್ರಾಮ ಪಂಚಾಯಿತಿಯೂ ಒಂದು ಗುಳೆ ವಹಿಯನ್ನು ಇಡಲಿ; ಯಾವ ಮನೆಯಿಂದ ಯಾರು, ಯಾವ ಊರಿಗೆ, ಯಾವ ಕೆಲಸಕ್ಕೆ ಹೋದರು, ಮನೆಯಲ್ಲಿ ಉಳಿದ ಮಕ್ಕಳೆಷ್ಟು, ವೃದ್ಧರೆಷ್ಟು ಎಂಬುದನ್ನು ದೀಪಾವಳಿ ಯುಗಾದಿಗಳ ನಡುವೆ ಬರೆದಿಡಲಿ. ಮನೆಮನೆಗೆ ಹೋಗಿ ಜ್ವರ ಕೆಮ್ಮುಗಳನ್ನು ಬರೆದುಕೊಂಡ ಆಶಾ ಕಾರ್ಯಕರ್ತೆಯರು ಇಂತಹ ಕೆಲಸವು ಸಾಧ್ಯವೆಂಬುದನ್ನು ತೋರಿಸಿಕೊಟ್ಟಿದ್ದಾರೆ. ಆದರೆ ಹೊಸ ಹೊರೆಯನ್ನು ಹೊರಿಸುವಾಗ ಅವರಿಗೆ ತಕ್ಕ ಸಂಭಾವನೆಯನ್ನೂ ಕೊಡತಕ್ಕದ್ದು. ಮುಂದಿನ ವ್ಯಾಧಿಯು ಯಾವಾಗ ಬರುವುದೆಂದು ಯಾರೂ ಹೇಳಲಾರರು. ಕುಷ್ಟಗಿ ಯಲಬುರ್ಗಾಗಳ ಪಂಚಾಯಿತಿಗಳು ಈ ದೀಪಾವಳಿಯಿಂದಲೇ ಆ ವಹಿಯನ್ನು ತೆರೆಯಲಿ. ಬೇಕಾದ ಆದೇಶವನ್ನು ಜಿಲ್ಲಾ ಪಂಚಾಯಿತಿಯು ಅದಕ್ಕೆ ಮುಂಚೆಯೇ ಹೊರಡಿಸಲಿ.